ಮಾತಾಡಿಸಿ ನೋಡಿದ ಮೇಲೆ ದುಡ್ಡು ಕೊಡಿ

ನಿಮ್ಮ ಪ್ರಶ್ನೆ ಇಷ್ಟು: ಎರಡು ವರ್ಷದ ಹಿಂದೆ ಕಣ್ಣು ಹೋಗಿದೆ, ಈಗ ಫೋನ್, ಟಿವಿ, ಮೈಕ್ರೋವೇವ್ ಓವನ್ ಕೊಳ್ಳಬೇಕು. ‘ಕಾಣದವರು ಅಂಗಡಿಗೆ ಹೋಗಿ ಏನು ನೋಡ್ತೀರಿ, ಆನ್‌ಲೈನಲ್ಲೇ ತರಿಸೋಣ’ ಅಂತ ಮನೆಯವರು ಹೇಳುತ್ತಿದ್ದಾರೆ. ಹೋಗಬೇಕಾ, ಬೇಡವಾ?

ಹೋಗಿ. ನಾನು ಹುಟ್ಟಿನಿಂದಲೇ ಕಣ್ಣು ಕಾಣದವನು. ಕೇಬಲ್ಲು, ಚಾರ್ಜರ್ರು, ಪೆನ್ ಡ್ರೈವು ಇಂಥವನ್ನೆಲ್ಲ ನಾನೂ ಆನ್‌ಲೈನಲ್ಲೇ ತರಿಸುತ್ತೇನೆ. ಆದರೆ ಗುಂಡಿ, ಸ್ಕ್ರೀನು, ಮೆನು ಇರುವ ಯಾವ ಸಾಮಾನನ್ನೂ ಮುಟ್ಟಿ ನೋಡದೆ ಕೊಳ್ಳುವುದಿಲ್ಲ. ವೆಬ್‌ಸೈಟಿನಲ್ಲಿ ‘ನುಣುಪಾದ ಟಚ್ ಪ್ಯಾನೆಲ್’ ಅಂತ ಹೊಗಳಿ ಬರೆದಿರುತ್ತಾರೆ. ನಮಗೆ ಅದೇ ತಲೆನೋವು ಅಲ್ವಾ.

ಈ ಬುದ್ಧಿ ನನಗೆ ಬಂದದ್ದು ಒಂದು ಟಿವಿಯಿಂದ. ಅಂಗಡಿಯಲ್ಲಿ ‘ಇದು ಮಾತಾಡುತ್ತಾ?’ ಅಂತ ಕೇಳಿದೆ. ‘ಮಾತಾಡುತ್ತೆ ಸಾರ್, ವಾಯ್ಸ್ ಇದೆ’ ಅಂದ ಸೇಲ್ಸ್ ಹುಡುಗ. ರಿಮೋಟ್ ಬಾಯಿ ಹತ್ತಿರ ಹಿಡಿದು ಏನೋ ಕೇಳಿದ, ಟಿವಿ ಹುಡುಕಿಕೊಟ್ಟಿತು. ನಾನು ಖುಷಿಯಿಂದ ದುಡ್ಡು ಕೊಟ್ಟು ಬಂದೆ. ಮನೆಗೆ ತಂದು ಹಚ್ಚಿದರೆ ಅದು ನಾನು ಹೇಳಿದ್ದನ್ನು ಕೇಳಿಸಿಕೊಳ್ಳುತ್ತದೆ, ತನ್ನ ಸ್ಕ್ರೀನ್ ಮೇಲೆ ಏನಿದೆ ಅಂತ ಮಾತ್ರ ಬಾಯಿ ಬಿಡುವುದಿಲ್ಲ. ಮೆನುವಿನಲ್ಲಿ ಎಲ್ಲಿದ್ದೇನೆ, ಯಾವುದರ ಮೇಲೆ ಓಕೆ ಒತ್ತುತ್ತಿದ್ದೇನೆ, ಒಂದೂ ಗೊತ್ತಾಗುವುದಿಲ್ಲ. ಹುಡುಗ ಸುಳ್ಳು ಹೇಳಿರಲಿಲ್ಲ. ನಾನು ಕೇಳಿದ್ದು ಸ್ಕ್ರೀನ್ ರೀಡರ್, ಅಂದರೆ ಸ್ಕ್ರೀನ್ ಮೇಲಿರುವುದನ್ನು ಓದಿ ಹೇಳುವ ಸೌಲಭ್ಯ. ಅವನಿಗೆ ಅರ್ಥವಾದದ್ದು ವಾಯ್ಸ್ ಸರ್ಚ್, ಅಂದರೆ ನಾವು ಬಾಯಲ್ಲಿ ಹೇಳಿದ್ದನ್ನು ಹುಡುಕಿಕೊಡುವುದು.

ಹಾಗಾಗಿ ಈಗ ನಾನು ಆ ಪ್ರಶ್ನೆಯನ್ನೇ ಕೇಳುವುದಿಲ್ಲ. ‘ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ತೆಗೀರಿ, ಅಲ್ಲಿರೋದನ್ನ ಒಂದೊಂದಾಗಿ ಓದಿ’ ಅನ್ನುತ್ತೇನೆ. ಸ್ಕ್ರೀನ್ ರೀಡರ್ ಒಂದೊಂದು ಕಡೆ ಒಂದೊಂದು ಹೆಸರಿನಲ್ಲಿರುತ್ತದೆ. ಆಂಡ್ರಾಯ್ಡ್ ಟಿವಿಯಲ್ಲಿ ಟಾಕ್‌ಬ್ಯಾಕ್, ಆಪಲ್ ಟಿವಿಯಲ್ಲಿ ವಾಯ್ಸ್‌ಓವರ್, ಫೈರ್ ಟಿವಿಯಲ್ಲಿ ವಾಯ್ಸ್‌ವ್ಯೂ, ಸ್ಯಾಮ್‌ಸಂಗ್‌ನಲ್ಲಿ ವಾಯ್ಸ್ ಗೈಡ್. ಆನ್ ಮಾಡಿಸಿ, ರಿಮೋಟ್ ನಿಮ್ಮ ಕೈಗೆ ತೆಗೆದುಕೊಳ್ಳಿ. ಬಾಣದ ಗುಂಡಿ ಒತ್ತಿದಾಗಲೆಲ್ಲ ಅದು ಹೆಸರು ಹೇಳಬೇಕು. ಚಾನೆಲ್ ಪಟ್ಟಿಗೂ ಹೋಗಿ, ಒಂದೆರಡು ಆಪ್ ಒಳಗೂ ಹೋಗಿ. ಮೊದಲ ಪುಟದಲ್ಲಿ ಗಿಳಿಯಂತೆ ಮಾತಾಡಿ ಒಳಗೆ ಹೋದೊಡನೆ ಮೂಕಾಗುವ ಟಿವಿಗಳೂ ಇವೆ.

ಫೋನಿನ ವಿಷಯ ಇದಕ್ಕಿಂತ ಸಲೀಸು. ಐಫೋನಿನಲ್ಲಿ ವಾಯ್ಸ್‌ಓವರ್ 2009ರಿಂದಲೇ ಇದೆ. ಆಂಡ್ರಾಯ್ಡ್ ಆದರೆ ಎರಡೂ ವಾಲ್ಯೂಮ್ ಗುಂಡಿಗಳನ್ನು ಒಟ್ಟಿಗೆ ಮೂರು ಸೆಕೆಂಡು ಒತ್ತಿ ಹಿಡಿದರೆ ಸಾಮಾನ್ಯವಾಗಿ ಟಾಕ್‌ಬ್ಯಾಕ್ ಶುರುವಾಗುತ್ತದೆ. ಮೊದಲ ಸಲ ಒಪ್ಪಿಗೆ ಕೇಳಬಹುದು, ಅದನ್ನು ಅಂಗಡಿಯವರೇ ಒತ್ತಲಿ. ಡೆಮೊ ಫೋನಿನ ಸದ್ದು ಎಷ್ಟೋ ಸಲ ಪೂರ್ತಿ ಇಳಿಸಿರುತ್ತದೆ, ಮೊದಲು ಅದನ್ನು ಏರಿಸಿಕೊಳ್ಳಿ. ಒಂದು ವಿಷಯ ಮುಂಚೆಯೇ ಹೇಳಿಬಿಡಿ: ಟಾಕ್‌ಬ್ಯಾಕ್ ಇದ್ದಾಗ ಒಂದು ಸಲ ತಟ್ಟಿದರೆ ಓದುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ನಾನೊಮ್ಮೆ ಹೇಳದೆ ಆನ್ ಮಾಡಿದ್ದೆ. ಪಕ್ಕದಲ್ಲಿದ್ದ ಹುಡುಗಿ ನಾಲ್ಕು ಸಲ ತಟ್ಟಿ ನೋಡಿ, ‘ಅಯ್ಯೋ, ಫೋನ್ ಹ್ಯಾಂಗ್ ಆಯ್ತು’ ಅಂತ ಮ್ಯಾನೇಜರನ್ನೇ ಕರೆದಳು! ಹೊರಡುವ ಮುಂಚೆ ಅದೇ ಎರಡು ಗುಂಡಿ ಒತ್ತಿ ಆಫ್ ಮಾಡಿ ಬನ್ನಿ, ಪಾಪ.

ಕ್ಯಾಮೆರಾ, ಬಣ್ಣ ಎಲ್ಲ ಆಮೇಲೆ. ನಾನು ಮೊದಲು ಹುಡುಕುವುದು ಬೆರಳಚ್ಚಿನ ಜಾಗ. ಪಕ್ಕದ ಪವರ್ ಗುಂಡಿಯಲ್ಲೇ ಇದ್ದರೆ ಬೆರಳು ತಾನಾಗಿ ಹೋಗುತ್ತದೆ. ಗಾಜಿನ ಕೆಳಗಿದ್ದರೆ ಪ್ರತಿ ಸಲ ತಡಕಾಡಬೇಕು. ಆಮೇಲೆ ಸ್ಪೀಕರ್: ಅಂಗಡಿಯ ಗಲಾಟೆಯಲ್ಲೂ ಕಿವಿ ಹತ್ತಿರ ಹಿಡಿದರೆ ಮಾತು ಸ್ಪಷ್ಟವಾಗಿ ಕೇಳಬೇಕು. ಕನ್ನಡ ಧ್ವನಿ ಹಾಕಿಸಿ ನಾಲ್ಕು ಸಾಲು ಓದಿಸಿಯೂ ನೋಡಿ. ಐಫೋನ್ ತೆಗೆದುಕೊಂಡರೆ ಮೊದಲ ಪರದೆಯಲ್ಲೇ ಪಕ್ಕದ ಗುಂಡಿಯನ್ನು ಮೂರು ಸಲ ಒತ್ತಿ ವಾಯ್ಸ್‌ಓವರ್ ಹಾಕಿಕೊಂಡು ಸೆಟಪ್ ಮಾಡಿ. ಆಗ ಮುಖ ಗುರುತಿಸಿ ಲಾಕ್ ತೆಗೆಯುವಾಗ ನೀವು ಫೋನನ್ನೇ ದಿಟ್ಟಿಸಿ ನೋಡಬೇಕು ಅಂತ ಅದು ಹಟ ಮಾಡುವುದಿಲ್ಲ.

ಓವನ್ನಿಗೆ ಬರೋಣ. ಇದರಲ್ಲಿ ಹಳೇ ಕಾಲದ್ದೇ ವಾಸಿ. ಎರಡು ತಿರುಗಣೆ, ಒಂದು ಸಮಯಕ್ಕೆ, ಇನ್ನೊಂದು ಬಿಸಿಗೆ. ತಿರುಗಣೆ ಎರಡೂ ತುದಿಯಲ್ಲಿ ತಡೆದು ನಿಲ್ಲುತ್ತದಾ ನೋಡಿ. ನಿಂತರೆ ಅಲ್ಲಿಂದ ಎಣಿಸಿಕೊಳ್ಳಬಹುದು. ಸುತ್ತಿದಷ್ಟೂ ಸುತ್ತುತ್ತಲೇ ಇದ್ದು, ಎಲ್ಲಿದೆ ಅಂತ ಬರೀ ದೀಪದಲ್ಲಿ ತೋರಿಸುವಂಥದ್ದು ನಮಗೆ ಪ್ರಯೋಜನವಿಲ್ಲ. ವಾಷಿಂಗ್ ಮೆಷಿನ್ನಿಗೂ ಇದೇ ಮಾತು. ಗಾಜಿನ ಟಚ್ ಪ್ಯಾನೆಲ್ಲಿನಲ್ಲಿ ಇನ್ನೊಂದು ಕಿತಾಪತಿ ಇದೆ, ಗುಂಡಿ ಹುಡುಕಲು ಬೆರಳಾಡಿಸಿದರೆ ಅದು ಒತ್ತಿದೆ ಅಂತಲೇ ತಿಳಿಯುತ್ತದೆ. ಕರೆಂಟ್ ಇಲ್ಲದೆ ನಿಲ್ಲಿಸಿದ ಮೆಷಿನ್ ಮೇಲೆ ಇದು ಗೊತ್ತಾಗುವುದೇ ಇಲ್ಲ, ಪ್ಲಗ್ ಹಾಕಿಸಿಯೇ ನೋಡಿ. ಮೇಲೆ ಉಬ್ಬು ಸ್ಟಿಕರ್ ಅಂಟಿಸಿದರಾಯ್ತು ಅನ್ನುವವರಿದ್ದಾರೆ. ಜಾಗ ಬದಲಾಗದ ಗುಂಡಿಗೆ ಸರಿ, ಒಂದೇ ಗುಂಡಿ ಹತ್ತು ಕೆಲಸ ಮಾಡುವಲ್ಲಿ ಸ್ಟಿಕರ್ ಏನು ಮಾಡೀತು?

‘ಮೊಬೈಲ್ ಆಪ್‌ನಿಂದ ನಡೆಸಬಹುದು ಸಾರ್’ ಅಂದರೆ ಅಲ್ಲೇ ಆಪ್ ಇಳಿಸಿಕೊಳ್ಳಿ. ಒಂದರಲ್ಲಿ ನನಗೆ ಕೇಳಿಸಿದ್ದು ಇಷ್ಟೇ: ‘ಬಟನ್. ಬಟನ್. ಬಟನ್. ಹೆಸರಿಲ್ಲದ ಚಿತ್ರ. ಬಟನ್.’ ಫೋನ್ ಜೇಬಿಗೆ ಹಾಕಿ ಮುಂದಿನ ಮೆಷಿನ್ನಿಗೆ ಹೋದೆ.

ಸಾಮಾನಿಗಿಂತ ಜನರ ಜೊತೆಗೇ ಹೆಣಗಾಟ ಜಾಸ್ತಿ. ಜೊತೆಗೆ ಯಾರಾದರೂ ಬಂದರೆ ಅಂಗಡಿಯವರು ಮಾತಾಡುವುದು ಅವರ ಹತ್ತಿರವೇ. ‘ಇವರಿಗೆ ಯಾವ ಕಲರ್ ಬೇಕಂತೆ?’ ಅಂತ ನನ್ನ ಎದುರಿಗೇ ಸ್ನೇಹಿತನನ್ನು ಕೇಳಿದ್ದಾರೆ. ಈಗ ಅವನು ಒಳಗೆ ಬಿಟ್ಟು ಹೆಡ್‌ಫೋನ್ ಕಪಾಟಿನ ಕಡೆ ಹೋಗಿಬಿಡುತ್ತಾನೆ, ಮಾತು ನನ್ನದೇ. ಗಿರಾಕಿಗಳು ಕಡಿಮೆ ಇರುವ ಹೊತ್ತು ನೋಡಿ ಹೋಗಿ, ಬಿಳಿ ಕೋಲು ಮಡಚಿ ಇಡಬೇಡಿ. ‘ನನಗೆ ಕಾಣಿಸಲ್ಲ, ಮುಟ್ಟಿ ನೋಡ್ತೀನಿ, ಅರ್ಧ ಗಂಟೆ ಆಗುತ್ತೆ’ ಅಂತ ಮೊದಲೇ ಹೇಳಿ. ಯಾರಾದರೂ ಕೈ ಹಿಡಿದು ಎಳೆದರೆ ಬಿಡಿಸಿಕೊಂಡು ಅವರ ಮೊಣಕೈ ನೀವು ಹಿಡಿಯಿರಿ.

ದುಡ್ಡು ಕೊಡುವಾಗ ಕಾರ್ಡ್ ಮೆಷಿನ್ ನುಣ್ಣನೆ ಗಾಜಿನದ್ದಾದರೆ ‘ಪಿನ್ ಹೇಳಿ, ನಾನೇ ಒತ್ತುತ್ತೇನೆ’ ಅನ್ನುತ್ತಾರೆ. ಹೇಳಬೇಡಿ. ನಿಮ್ಮ ಫೋನಿನಿಂದಲೇ ಕೊಡಿ. ಅದಕ್ಕೂ ಮುಂಚೆ, ಮನೆಯಲ್ಲಿ ಬಳಸಲು ಆಗದಿದ್ದರೆ ವಾಪಸ್ ತಗೋತೀರಾ ಅಂತ ಕೇಳಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬಾಕ್ಸಿನ ಮೇಲಿನ ಮಾಡೆಲ್ ನಂಬರನ್ನು ಸೀಯಿಂಗ್ ಎಐ ಅಥವಾ ಲುಕ್‌ಔಟ್‌ನಂಥ, ಫೋನಿನ ಕ್ಯಾಮೆರಾ ಹಿಡಿದರೆ ಅಕ್ಷರ ಓದಿ ಹೇಳುವ ಆಪ್‌ನಲ್ಲಿ ಓದಿಸಿ, ನೀವು ಮುಟ್ಟಿ ನೋಡಿದ್ದೇ ಒಳಗಿದೆಯಾ ಅಂತ ಖಾತ್ರಿ ಮಾಡಿಕೊಳ್ಳಿ.

ಮೂರನ್ನೂ ಒಂದೇ ದಿನ ಮುಗಿಸಲು ಹೋಗಬೇಡಿ, ಸುಮ್ನೆ ಸುಸ್ತು. ಫೋನಿನಿಂದ ಶುರು ಮಾಡಿ. ಟಿವಿ ಯಾವ ಮಾಡೆಲ್ ಅಂತ ಮನಸ್ಸಿಗೆ ಬಂದ ಮೇಲೆ ಇಲ್ಲೇ ಕೆಳಗೆ ಬರೆಯಿರಿ, ಅದರಲ್ಲಿ ಸ್ಕ್ರೀನ್ ರೀಡರ್ ಎಲ್ಲಿ ಅಡಗಿದೆ ಅಂತ ಹುಡುಕಿ ಹೇಳುತ್ತೇನೆ.