ಟೋನಿ ಅವಾರ್ಡ್‌ನಲ್ಲಿ ಕಾಸ್ಟ್ಯೂಮ್ ಡಿಸೈನ್‌ಗೆ ಯಾಕೆ ಎರಡು ಪ್ರಶಸ್ತಿ? ಜಾಸ್ತಿ ಮಿನುಗೋ ಬಟ್ಟೆಗೇ ಕೊಡ್ತಾರಾ?

ನಿಮ್ಮ ಅನುಮಾನ ಪೂರ್ತಿ ಸುಳ್ಳೇನಲ್ಲ, ಎರಡು ಪ್ರಶಸ್ತಿ ಆಗಿದ್ದಕ್ಕೂ ಅದಕ್ಕೂ ಸಂಬಂಧ ಇದೆ.

ಟೋನಿ ಅಂದ್ರೆ ನ್ಯೂಯಾರ್ಕ್‌ನ ಬ್ರಾಡ್‌ವೇ ರಂಗಭೂಮಿಯ ದೊಡ್ಡ ಪ್ರಶಸ್ತಿ, ಶುರುವಾಗಿದ್ದು 1947ರಲ್ಲಿ. ಆ ಮೊದಲನೇ ವರ್ಷಾನೇ ಕಾಸ್ಟ್ಯೂಮ್‌ಗೆ ಪ್ರಶಸ್ತಿ ಇತ್ತು, ಲುಸಿಂಡಾ ಬಲ್ಲಾರ್ಡ್ ಅವರಿಗೆ ಬಂತು. 1961ರಲ್ಲಿ ಬೇರೆ ಬೇರೆ ಕೊಟ್ಟಂಥ ಅಪವಾದ ಬಿಟ್ರೆ ಆಮೇಲೆ ನಾಟಕ, ಮ್ಯೂಸಿಕಲ್ (ಹಾಡು ಕುಣಿತದ ನಾಟಕ) ಎಲ್ಲಾ ಒಂದೇ ಗುಂಪಲ್ಲಿ ಸ್ಪರ್ಧೆ ಮಾಡ್ತಿದ್ವು. ಅದರ ಫಲ ಏನು ಅಂತ ಲಿಸ್ಟ್ ನೋಡಿದ್ರೆ ಸಾಕು, 2001ರಲ್ಲಿ ದಿ ಪ್ರೊಡ್ಯೂಸರ್ಸ್, 2002ರಲ್ಲಿ ಥರೋಲಿ ಮಾಡರ್ನ್ ಮಿಲ್ಲಿ, 2003ರಲ್ಲಿ ಹೇರ್‌ಸ್ಪ್ರೇ, 2004ರಲ್ಲಿ ವಿಕೆಡ್, ನಾಲ್ಕಕ್ಕೆ ನಾಲ್ಕೂ ಮ್ಯೂಸಿಕಲ್. ಮೂವತ್ತು ಜನ ಬಣ್ಣ ಬಣ್ಣದ ಡ್ರೆಸ್ ಹಾಕ್ಕೊಂಡು ಕುಣಿಯೋ ಶೋ ಮುಂದೆ, ಒಂದು ಮನೆಯ ಹಾಲ್‌ನಲ್ಲಿ ನಾಲ್ಕು ಜನ ಕೂತು ಜಗಳ ಆಡೋ ನಾಟಕ ಎಲ್ಲಿ ನಿಲ್ಲುತ್ತೆ ಹೇಳಿ. 2005ರಿಂದ ಎರಡನ್ನೂ ಬೇರೆ ಬೇರೆ ಮಾಡಿದ್ರು.

ಆದ್ರೆ ಗೆಲ್ಲೋದು ಬರೀ ಮಿಂಚಲ್ಲ. ನಾನೂ ನಾಟಕಗಳಿಗೆ ಬಟ್ಟೆ ಮಾಡೋನೇ, ಹಾಗಾಗಿ ನನ್ನ ಕಣ್ಣು ಮೊದಲು ಹೋಗೋದು ಹೊಲಿಗೆ ಕಡೆಗೆ. ಬ್ರಾಡ್‌ವೇನಲ್ಲಿ ವಾರಕ್ಕೆ ಎಂಟು ಶೋ, ಬೆವರು, ಒಗೆತ, ಮತ್ತೆ ಅದೇ ಬಟ್ಟೆ. ಅದರ ಮೇಲೆ ಕ್ವಿಕ್ ಚೇಂಜ್, ಅಂದ್ರೆ ಶೋ ನಡುವೆ ಕೆಲವೇ ಕ್ಷಣದಲ್ಲಿ ಬಟ್ಟೆ ಬದಲಿಸೋದು ಬೇರೆ. ಸೈಡ್ ವಿಂಗ್ ಕತ್ತಲಲ್ಲಿ ಡ್ರೆಸ್ಸರ್ ಮಂಡಿಯೂರಿ ಪ್ಯಾಂಟ್ ಬಾಯಿ ಅಗಲಿಸಿ ಹಿಡ್ಕೊಂಡಿರ್ತಾರೆ, ನಟ ಓಡಿ ಬಂದು ನೇರ ಅದರೊಳಗೇ ಕಾಲಿಡ್ಬೇಕು, ಶರ್ಟಿನ ಗುಂಡಿಗಳು ಮೇಲೆ ಶೋಗೆ ಮಾತ್ರ, ಒಳಗಡೆ ಟಿಚ್ ಬಟನ್ನೋ ವೆಲ್ಕ್ರೋನೋ ಇರುತ್ತೆ, ಎಳೆದ್ರೆ ಒಂದೇ ಸಲಕ್ಕೆ ಬಿಚ್ಕೊಳ್ಳುತ್ತೆ. 2013ರಲ್ಲಿ ವಿಲಿಯಂ ಐವಿ ಲಾಂಗ್ ಸಿಂಡ್ರೆಲ್ಲಾಗೆ ಗೆದ್ರಲ್ಲ, ಅದರಲ್ಲಿ ಆ ಹುಡುಗಿ ವಿಂಗ್‌ಗೂ ಹೋಗಲ್ಲ, ಪ್ರೇಕ್ಷಕರ ಎದುರಿಗೇ ಗಿರ್ರನೆ ತಿರುಗ್ತಾಳೆ, ಚಿಂದಿ ಬಟ್ಟೆ ಹೋಗಿ ರಾಜಮನೆತನದ ಗೌನ್ ಆಗಿರುತ್ತೆ. ಅದು ನನ್ನ ಲೆಕ್ಕದಲ್ಲಿ ಅರ್ಧ ದರ್ಜಿ ಕೆಲಸ, ಅರ್ಧ ಇಂಜಿನಿಯರಿಂಗು.

ಇದಕ್ಕೆ ಪೂರ್ತಿ ಉಲ್ಟಾ ಉದಾಹರಣೆ 2014ರ ಟ್ವೆಲ್ತ್ ನೈಟ್. ಜೆನ್ನಿ ಟಿರಮಾನಿ ಶೇಕ್ಸ್‌ಪಿಯರ್ ಕಾಲದ ಬಟ್ಟೆಗಳನ್ನ ಆ ಕಾಲದ ಪದ್ಧತಿಯಲ್ಲೇ ಕೈಹೊಲಿಗೆಯಲ್ಲಿ ಮಾಡಿಸಿದ್ರು, ಜಿಪ್ಪು ಗಿಪ್ಪು ಏನೂ ಇಲ್ಲ, ಎಲ್ಲಾ ದಾರ ಲಾಡಿ ಕಟ್ಟೋದೇ. ಶೋಗೆ ಮುಂಚೆ ನಟರು ಸ್ಟೇಜ್ ಮೇಲೇ ನಿಂತು ಅದನ್ನೆಲ್ಲ ಹಾಕ್ಕೊಳ್ಳೋರು, ಜನ ಸೀಟು ಹುಡುಕ್ತಾ ನೋಡ್ತಾ ಇರೋರು. ಅದೇ ನಾಟಕದ ಬಟ್ಟೆಗೆ ಲಂಡನ್ನಿನ ಒಲಿವಿಯರ್ ಪ್ರಶಸ್ತಿ 2003ರಲ್ಲೇ ಅವರಿಗೆ ಬಂದಿತ್ತು.

ನನ್ನ ತಕರಾರು ಬೇರೆ. ಇವತ್ತಿನ ಕಾಲದ ಬಟ್ಟೆಗೆ ಈ ಪ್ರಶಸ್ತಿ ಸಿಗೋದು ಬಹಳ ಕಷ್ಟ. ಮೊದಲು ಒಂದು ಕಮಿಟಿ ಆ ಸೀಸನ್ನಿನ ಶೋಗಳನ್ನೆಲ್ಲ ನೋಡಿ ನಾಮಿನೇಟ್ ಮಾಡುತ್ತೆ, ಆಮೇಲೆ 800ಕ್ಕೂ ಹೆಚ್ಚು ಜನ ವೋಟ್ ಹಾಕ್ತಾರೆ. ಅದರಲ್ಲಿ ನಿರ್ಮಾಪಕರು, ನಟರು, ನಿರ್ದೇಶಕರು ಎಲ್ಲಾ ಇರ್ತಾರೆ, ಬಟ್ಟೆ ಕೆಲಸ ಗೊತ್ತಿರೋರು ಅದರಲ್ಲಿ ಸ್ವಲ್ಪವೇ. ಮಾಸಿದ ಸ್ವೆಟರ್ ಒಂದನ್ನ ಸರಿಯಾಗಿ ಆರಿಸೋದಕ್ಕೆ, ಅದು ಆ ಪಾತ್ರ ಹತ್ತು ವರ್ಷದಿಂದ ಹಾಕ್ಕೊಂಡಿರೋ ಥರ ಕಾಣೋ ಹಾಗೆ ಹಳೇದು ಮಾಡೋದಕ್ಕೆ ಎಷ್ಟು ತಲೆ ಓಡಿಸ್ಬೇಕು ಅಂತ ಸೀಟಲ್ಲಿ ಕೂತೋರಿಗೆ ಗೊತ್ತಾಗಲ್ಲ, ಗೊತ್ತಾದ್ರೆ ಆ ಕೆಲಸ ಕೆಟ್ಟಿದೆ ಅಂತಾನೇ ಅರ್ಥ! ಜೇನ್ ಗ್ರೀನ್‌ವುಡ್ ಅವರನ್ನೇ ನೋಡಿ, 1960ರ ದಶಕದಿಂದ ನಾಮಿನೇಷನ್ ಮೇಲೆ ನಾಮಿನೇಷನ್, ಪ್ರಶಸ್ತಿ ಮಾತ್ರ ಇಲ್ಲ. 2014ರಲ್ಲಿ ಜೀವಮಾನ ಸಾಧನೆಯ ಟೋನಿ ಕೊಟ್ಬಿಟ್ರು, ಕಾಸ್ಟ್ಯೂಮ್ ಡಿಸೈನ್ ಟೋನಿ ಬಂದಿದ್ದು ಅದಾದ ಮೇಲೆ, 2017ರಲ್ಲಿ, ದಿ ಲಿಟ್ಲ್ ಫಾಕ್ಸಸ್‌ಗೆ. ಅದೂ ಮತ್ತೆ 1900ರ ಕಾಲದ ಗೌನುಗಳೇ.

ಬರೀ ವಸ್ತ್ರವಿನ್ಯಾಸಕ್ಕೇ ಮೀಸಲಾದ ಪ್ರಶಸ್ತಿ ಬೇಕು ಅಂದ್ರೆ ನ್ಯೂಯಾರ್ಕ್‌ನಲ್ಲೇ ಐರೀನ್ ಶರಾಫ್ ಅವಾರ್ಡ್ಸ್ ಇದೆ, 1993ರಲ್ಲಿ ಶುರುವಾಗಿದ್ದು. ಈ ಶರಾಫ್ ಅವರಿಗೆ 1952ರಲ್ಲಿ ದಿ ಕಿಂಗ್ ಅಂಡ್ ಐ ಬಟ್ಟೆಗೆ ಟೋನಿ ಬಂದಿತ್ತು. ಅದೇ ಮ್ಯೂಸಿಕಲ್ ಮತ್ತೆ ಸ್ಟೇಜ್‌ಗೆ ಬಂದಾಗ 1996ರಲ್ಲಿ ರೋಜರ್ ಕರ್ಕ್, 2015ರಲ್ಲಿ ಕ್ಯಾಥರೀನ್ ಜ್ಯೂಬರ್, ಇಬ್ಬರೂ ಅದಕ್ಕೇ ಗೆದ್ರು. ಆ ಮೂರರ ಫೋಟೋ ಪಕ್ಕಪಕ್ಕ ಇಟ್ಟು ನೋಡಿ, ಒಂದೇ ಕಥೆಗೆ ಮೂರು ಜನ ಎಷ್ಟು ಬೇರೆ ಥರ ಬಟ್ಟೆ ಮಾಡಬಹುದು ಅಂತ ಗೊತ್ತಾಗುತ್ತೆ.