ನಷ್ಟ ಯಾರ ಲೆಕ್ಕಕ್ಕೆ?

ಓದುಗರ ಪತ್ರ: ‘ಹಳ್ಳಿಯ ಅಂಚೆ ಕಚೇರಿಗಳನ್ನು ಮುಚ್ಚಬಾರದೆಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಮೂಡಿಗೆರೆ ಕಡೆಯ ನಮ್ಮೂರಿನ ಕಚೇರಿಗೆ ದಿನಕ್ಕೆ ನಾಲ್ಕು ಕಾಗದ ಬಂದರೆ ಹೆಚ್ಚು. ಎಲ್ಲರ ಕೈಲೂ ಮೊಬೈಲಿದೆ. ನಷ್ಟದ ಕಚೇರಿಯನ್ನು ಪಕ್ಕದೂರಿಗೆ ಸೇರಿಸಿದರೆ ತಪ್ಪೇನು? ಪತ್ರಿಕೆಗಳಿಗೆ ಅಂಚೆ ರಿಯಾಯಿತಿ ಇದೆ, ಅದಕ್ಕೇ ನಿಮಗೆ ಈ ಮಮಕಾರ.’
– ಓದುಗರೊಬ್ಬರು, ಹಾಸನ

ಸಂಪಾದಕರ ಉತ್ತರ:

ಮಾನ್ಯರೇ,

ನಿಮ್ಮ ಕೊನೆಯ ಮಾತನ್ನೇ ಮೊದಲು ಒಪ್ಪಿಬಿಡುತ್ತೇನೆ. ರಿಯಾಯಿತಿ ಇದೆ, ಅದು ತಪ್ಪಿದರೆ ನಮಗೆ ಕಷ್ಟವೂ ಇದೆ. ಆದರೆ ನಮ್ಮ ಪತ್ರಿಕೆಗೆ ಬೇಕಾದ್ದು ಪೇಟೆಯ ಕಚೇರಿ. ನಿಮ್ಮೂರಿನದು ಮುಚ್ಚಿದರೆ ನಮಗೆ ಹೋಗುವುದು ಹೆಚ್ಚೆಂದರೆ ಇಬ್ಬರು ಚಂದಾದಾರರು.

ನೀವು ಎಣಿಸಿದ್ದು ಕಾಗದ. ಪೋಸ್ಟ್ ಮಾಸ್ತರರು ಎಣಿಸುವುದು ದುಡ್ಡು. ತಿಂಗಳ ಉಳಿತಾಯದ ಆರ್.ಡಿ. ಕಂತು, ಹೆಣ್ಣುಮಕ್ಕಳ ಹೆಸರಿನ ಸುಕನ್ಯಾ ಸಮೃದ್ಧಿ, 1995ರಿಂದ ಇರುವ ಗ್ರಾಮೀಣ ಅಂಚೆ ಜೀವ ವಿಮೆ ಎಲ್ಲ ಅಲ್ಲೇ. 2018ರ ಸೆಪ್ಟೆಂಬರಿನಲ್ಲಿ ಅಂಚೆ ಪೇಮೆಂಟ್ಸ್ ಬ್ಯಾಂಕ್ ಶುರುವಾದ ಮೇಲಂತೂ ಆಧಾರ್ ಜೋಡಿಸಿದ ಯಾವ ಬ್ಯಾಂಕಿನ ಖಾತೆಯಿಂದಲಾದರೂ ಹೆಬ್ಬೆಟ್ಟೊತ್ತಿ ಹಣ ತೆಗೆಯಬಹುದು. ವೃದ್ಧಾಪ್ಯ ವೇತನವೋ ಗೃಹಲಕ್ಷ್ಮಿಯ ಎರಡು ಸಾವಿರವೋ ಮೊಬೈಲಿಗೆ ಬಂದದ್ದು ಸಂದೇಶ ಮಾತ್ರ. ಅದು ನೋಟಾಗಿ ಸೆರಗಿನ ಗಂಟಿಗೆ ಸೇರಬೇಕಾದರೆ ಯಾರಾದರೂ ಎಣಿಸಿ ಕೊಡಬೇಕಲ್ಲ?

ಆ ಹೆಬ್ಬೆಟ್ಟಿನ ಕಥೆಯೇ ಬೇರೆ. ವರ್ಷಗಟ್ಟಲೆ ಕಾಫಿ ಹಣ್ಣು ಕೊಯ್ದ, ಮೆಣಸು ಬಿಡಿಸಿದ ಕೈಯ ಗೆರೆ ಸವೆದಿರುತ್ತದೆ, ಯಂತ್ರ ಒಪ್ಪುವುದಿಲ್ಲ. ಊರಿನ ಮಾಸ್ತರರಾದರೆ ‘ಕೈ ತೊಳ್ಕೊಂಡ್ ಬಾರಮ್ಮ, ಇನ್ನೊಂದು ಬೆರಳು ನೋಡಾಣ’ ಅನ್ನುತ್ತಾರೆ. ಆಗಲಿಲ್ಲವೋ, ನಾಳೆ ತೋಟಕ್ಕೆ ಹೋಗುವ ದಾರಿಯಲ್ಲಿ ಮತ್ತೆ ಒತ್ತಿಸುತ್ತಾರೆ. ಅದೇ ಕಚೇರಿ ಪಕ್ಕದೂರಿನಲ್ಲಿದ್ದರೆ ಅವತ್ತಿನ ಕೂಲಿ ಹೋಯಿತು, ಮಾರನೇ ದಿನದ್ದೂ ಹೋಯಿತು. ಶಕ್ತಿ ಯೋಜನೆಯ ಉಚಿತ ಪ್ರಯಾಣ ಖಾಸಗಿ ಬಸ್ಸಿಗಿಲ್ಲ. ನಿಮ್ಮ ಕಡೆಯ ಎಷ್ಟೋ ಊರಿಗೆ ಹೋಗುವುದು ಖಾಸಗಿ ಬಸ್ಸೇ. ಕೊಪ್ಪದ ಸಹಕಾರ ಸಾರಿಗೆಯ ಬಸ್ಸುಗಳು 2020ರಲ್ಲಿ ನಿಂತಾಗ ಪೇಟೆ ಎಷ್ಟು ದೂರ ಅನ್ನುವುದು ಆ ಭಾಗದವರಿಗೆ ಚೆನ್ನಾಗಿ ಗೊತ್ತಾಯಿತು. ಇಲಾಖೆಯ ಪುಸ್ತಕದಿಂದ ಅಳಿಸಿದ ನಷ್ಟ ಈ ಕೂಲಿ ಹೆಂಗಸಿನ ಲೆಕ್ಕಕ್ಕೆ ಬಂದು ಕೂತಿರುತ್ತದೆ, ಅಷ್ಟೆ. ಅಲ್ಲಿ ಅದನ್ನು ಬರೆದಿಡುವವರಿಲ್ಲ.

ಇನ್ನು ಉಳಿತಾಯ. ಹಳ್ಳಿಯ ಶಾಖಾ ಕಚೇರಿಗೆ ಜಾಗ ಒದಗಿಸುವುದು ಮಾಸ್ತರರದೇ ಜವಾಬ್ದಾರಿ. ಹಾಗಾಗಿ ಎಷ್ಟೋ ಕಡೆ ಅವರ ಮನೆ ಜಗಲಿಯೇ ಕಚೇರಿ. 2018ರ ಪರಿಷ್ಕರಣೆಯಲ್ಲಿ ನಾಲ್ಕು ಗಂಟೆ ಕೆಲಸದ ಶಾಖಾ ಪೋಸ್ಟ್ ಮಾಸ್ತರಿಗೆ ನಿಗದಿಯಾದ ಮೂಲ ಭತ್ಯೆ ತಿಂಗಳಿಗೆ 12,000 ರೂಪಾಯಿ. ಇಲಾಖೆಗೆ ಭಾರವಾಗಿರುವುದು ಈ ಜಗಲಿಯೇ?

ಹಳ್ಳಿಯ ಅಂಚೆ ಲಾಭ ತರುತ್ತದೆಂದು ಇಲಾಖೆಯೂ ಅಂದುಕೊಂಡಿರಲಿಲ್ಲ. ಹೊಸ ಶಾಖೆ ತೆರೆಯಲು ಖರ್ಚಿನ ಮೂರನೇ ಒಂದು ಪಾಲು ಆದಾಯ ಬಂದರೆ ಸಾಕು, ಗುಡ್ಡಗಾಡಿನಲ್ಲಾದರೆ ನೂರಕ್ಕೆ 15 ಸಾಕು ಎಂದು ಅದರ ಮಾನದಂಡವೇ ಹೇಳುತ್ತಿತ್ತು. ಎರಡು ಕಚೇರಿಗಳ ನಡುವೆ ಕನಿಷ್ಠ ಮೂರು ಕಿಲೋಮೀಟರ್ ಅಂತರ ಇರಬೇಕೆಂದೂ ಇತ್ತು. ಆ ಮೂರು ಕಿಲೋಮೀಟರನ್ನು ಅರಸೀಕೆರೆಯ ಬಯಲಲ್ಲಿ ಸೈಕಲ್ ತುಳಿದು ಮುಗಿಸಬಹುದು. ಸಕಲೇಶಪುರ, ಮೂಡಿಗೆರೆಯ ಆಷಾಢದಲ್ಲಿ ಹಳ್ಳ ತುಂಬಿ ಕಾಲುಸಂಕ ಕೊಚ್ಚಿಹೋದರೆ ಅದೇ ದಾರಿ ಸುತ್ತುಬಳಸಿ ಎಷ್ಟಾಗುತ್ತದೆಂದು ನಾನು ನಿಮಗೆ ಹೇಳಬೇಕೇ?

ಹಾಗಂತ ಈ ಕಚೇರಿಗಳೆಲ್ಲ ದೇವಸ್ಥಾನವೇನಲ್ಲ. ಬಾಗಿಲು ಯಾವಾಗ ತೆಗೆಯುತ್ತದೋ ದೇವರೇ ಬಲ್ಲ ಅನ್ನುವಂಥವನ್ನೂ ಕಂಡಿದ್ದೇನೆ. ನಮ್ಮ ಚಿಕ್ಕಮ್ಮ ಕಟ್ಟಿದ್ದ ಮೂರು ಕಂತು ಪಾಸ್ ಬುಕ್ಕಿಗೆ ಏರದೆ ಅವರು ಒಂದು ಮಳೆಗಾಲ ಪೂರ್ತಿ ಅಲೆದರು. ಬಯಲುಸೀಮೆಯಲ್ಲಿ ಕೂಗಳತೆಯಲ್ಲಿರುವ ಎರಡನ್ನು ಒಂದು ಮಾಡಿದರೆ ನನ್ನ ತಕರಾರಿಲ್ಲ. ಆದರೆ ಸರಿ ಮಾಡಬೇಕಾದ್ದನ್ನು ಮುಚ್ಚುವುದು ತಲೆನೋವಿಗೆ ತಲೆ ತೆಗೆದ ಹಾಗೆ.

ನಿಮ್ಮ ತಾಯಿ ಊರಲ್ಲೇ ಇದ್ದಾರೆಂದು ಪತ್ರದ ಅಂಚಿನಲ್ಲಿ ಬರೆದಿದ್ದೀರಿ. ಮುಂದಿನ ಸಲ ಹೋದಾಗ ಪಿಂಚಣಿ ಬಟವಾಡೆಯ ದಿನ ಆ ಜಗಲಿಯಲ್ಲಿ ಅರ್ಧ ದಿನ ಕೂತು ಬನ್ನಿ. ಯಾರು ಬಂದರು, ಎಷ್ಟು ದೂರದಿಂದ ಬಂದರು, ಎಷ್ಟು ತೆಗೆದರು ಎಂದು ಬರೆದಿಟ್ಟುಕೊಳ್ಳಿ. ನಿಮ್ಮ ಮಾತೇ ಸರಿ ಅನ್ನಿಸಿದರೆ ಹಾಗೇ ಬರೆದು ಕಳಿಸಿ, ಒಂದಕ್ಷರ ಕಡಿಯದೆ ಅಚ್ಚು ಹಾಕುತ್ತೇವೆ. ಅನ್ನಿಸದಿದ್ದರೆ ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿಸಿ, ನಿರ್ಣಯದ ಜೊತೆ ಚಿಕ್ಕಮಗಳೂರಿನ ಅಂಚೆ ಅಧೀಕ್ಷಕರಿಗೆ ಕಳಿಸಿ. ನಮಗೂ ಒಂದು ಪ್ರತಿ ಇರಲಿ.