ಹೆಸರುಕಾಳು ಅಷ್ಟೆತ್ತರ ಹೋಗಿದ್ದೇಕೆ?

ಮಲ್ಲೇಶ್ವರದ ಓದುಗರೊಬ್ಬರು ಬರೆದಿದ್ದಾರೆ: “ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣದಲ್ಲಿ ಹೆಸರುಕಾಳು, ಮೆಂತ್ಯ ಮೊಳಕೆ ಬರಿಸಿದರು ಎಂದು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಅದನ್ನು ನಾನು ಪ್ರತಿ ವಾರ ಬಟ್ಟೆ ಕಟ್ಟಿ ಮಾಡುತ್ತೇನೆ. ಅದಕ್ಕೆ ಅಷ್ಟೊಂದು ಕೋಟಿ ಬೇಕಿತ್ತೇ? ಮೂಳೆ ಸವೆದು, ಸೊಂಟ ಮುರಿದುಕೊಂಡು ಮಲಗಿರುವ ನಮ್ಮ ಅಮ್ಮನಂಥವರಿಗೆ ಇದರಿಂದ ಏನು ಸಿಕ್ಕಿತು?”

ಮೇಡಂ, ನಿಮ್ಮ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಯಾಕೆಂದರೆ ಮೇಲೆ ಹೋದವರು ಕಲಿಸಿದ ಪಾಠಗಳಲ್ಲಿ ಮೂಳೆಯ ಪಾಠ ದೊಡ್ಡದು.

ಮೂಳೆ ಕಲ್ಲಿನಂತಲ್ಲ. ದಿನಾ ಸ್ವಲ್ಪ ಕರಗುತ್ತದೆ, ಸ್ವಲ್ಪ ಕಟ್ಟಿಕೊಳ್ಳುತ್ತದೆ. ಭಾರ ಬಿದ್ದರೆ ಕಟ್ಟುವ ಕೆಲಸ ಚುರುಕಾಗುತ್ತದೆ. ಕಕ್ಷೆಯಲ್ಲಿ ಹೊರುವುದಕ್ಕೆ ಭಾರವೇ ಇಲ್ಲ. 1973-74ರಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್‌ನಲ್ಲಿ ಮೂರು ತಂಡಗಳು 28, 59 ಮತ್ತು 84 ದಿನ ಇದ್ದವು. ಅವರು ಏನು ತಿಂದರು, ಮೂತ್ರದಲ್ಲಿ ಏನು ಹೋಯಿತು ಎಂದು ಅಳೆದಾಗ ಮೈಯಿಂದ ಕ್ಯಾಲ್ಸಿಯಂ ಸೋರುತ್ತಿರುವುದು ಕಂಡಿತು. ಸೊಂಟದ ಮೂಳೆ ಅಲ್ಲಿ ತಿಂಗಳಿಗೆ ಶೇ. 1ರಿಂದ 1.5ರಷ್ಟು ಸವೆಯುತ್ತದೆ ಎಂದು ಆಮೇಲೆ ಗೊತ್ತಾಯಿತು. ಇಲ್ಲಿ ವಯಸ್ಸಾದವರಿಗೆ ವರ್ಷವಿಡೀ ಆಗುವಷ್ಟು ಸವೆತ ಅಲ್ಲಿ ಒಂದೇ ತಿಂಗಳಲ್ಲಿ ಆಗುತ್ತದೆ, ಅದೂ ಗಟ್ಟಿಮುಟ್ಟಾದ ಆಳುಗಳಿಗೆ! ಹಾಗಾಗಿ ಯಾವ ಉಪಾಯ ಫಲ ಕೊಡುತ್ತದೆ ಎಂದು ಬೇಗ ತಿಳಿಯುತ್ತದೆ. ಇಲ್ಲಿನ ಡಾಕ್ಟರು ಮೂಳೆ ಸವೆತಕ್ಕೆ ವಾರಕ್ಕೊಂದು ಎಂದು ಬರೆದುಕೊಡುವ ಅಲೆಂಡ್ರೋನೇಟ್ ಮಾತ್ರೆಯನ್ನೇ ಕೆಲವು ಗಗನಯಾತ್ರಿಗಳು ತೆಗೆದುಕೊಂಡರು. ಜೊತೆಗೆ ತೂಕ ಎತ್ತಿದಂಥ ವ್ಯಾಯಾಮ ಮಾಡಿದರು. ಅವರ ಸೊಂಟದ ಮೂಳೆ ಬಹುಮಟ್ಟಿಗೆ ಉಳಿಯಿತು.

ಆ ಮಾತ್ರೆ ಬಾಹ್ಯಾಕಾಶದಲ್ಲಿ ಹುಟ್ಟಿತು ಎಂದು ನಾನು ಹೇಳುತ್ತಿಲ್ಲ. ಅದು ಹುಟ್ಟಿದ್ದು ಭೂಮಿಯ ಲ್ಯಾಬಿನಲ್ಲೇ. ಇಲ್ಲದ್ದನ್ನು ಸೇರಿಸಿ ಹೊಗಳಿದರೆ ನಿಮ್ಮಂಥವರ ಅನುಮಾನ ಜಾಸ್ತಿಯಾಗುತ್ತದೆ, ಅಲ್ವಾ?

ಇನ್ನು ನಿಮ್ಮ ಬಟ್ಟೆಗಂಟು. ಅದನ್ನು ಹೇಗೇ ತಿರುಗಿಸಿಟ್ಟರೂ ಬೇರು ಕೆಳಕ್ಕೇ ಬಾಗುತ್ತದೆ. ಬೇರಿನ ತುದಿಯಲ್ಲಿ ಪಿಷ್ಟದ ಸಣ್ಣ ಕಣಗಳಿವೆ. ಅವು ತಳಕ್ಕೆ ಕೂತಾಗ ಬೇರಿಗೆ ‘ಕೆಳಗೆ’ ಯಾವುದೆಂದು ತಿಳಿಯುತ್ತದೆ. ತಳವೇ ಇಲ್ಲದ ಕಡೆ ಕಾಳು ಏನು ಮಾಡುತ್ತದೆ, ಅದರ ಸತ್ವ ಉಳಿಯುತ್ತದೆಯೇ? ಸುಮ್ನೆ ಕೇಳಿದ ಪ್ರಶ್ನೆಯಲ್ಲ ಇದು. ತಿಂಗಳುಗಟ್ಟಲೆ ಅಲ್ಲಿರುವವರು ತಾಜಾ ಏನಾದರೂ ತಿನ್ನಬೇಕು. ಈ ಪ್ರಯೋಗ ಧಾರವಾಡದವರದು. ನಿಮ್ಮ ಮನೆಗೆ ಹತ್ತಿರವಿರುವ ಟಾಟಾ ಇನ್‌ಸ್ಟಿಟ್ಯೂಟ್‌ನವರು, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯವರು, ಅದೇ ಯಾನದಲ್ಲಿ ಟಾರ್ಡಿಗ್ರೇಡ್ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನು ಕಳಿಸಿದ್ದರು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿರುವ ಇನ್‌ಸ್ಟೆಮ್ ಸಂಶೋಧನಾ ಸಂಸ್ಥೆಯ ಪ್ರಯೋಗ ಸ್ನಾಯು ಕೋಶಗಳ ಮೇಲೆ. ಅಮ್ಮನಂತೆ ಬಹಳ ದಿನ ಮಲಗಿದವರಿಗೆ ಮೂಳೆಯಷ್ಟೇ ಅಲ್ಲ, ಸ್ನಾಯುವೂ ಕರಗುತ್ತದೆ. ನಾನು ಹೆಚ್ಚು ಆಸೆಯಿಂದ ಕಾಯುತ್ತಿರುವುದು ಇದರ ಫಲಿತಾಂಶಕ್ಕೆ.

ದುಡ್ಡಿನ ಪ್ರಶ್ನೆ ನ್ಯಾಯವಾದದ್ದೇ. ಖರ್ಚಾದ ಮೇಲೆ ಏನು ತಿಳಿಯಿತು ಎಂದು ಕೇಳುವ ಹಕ್ಕು ನಿಮಗಿದೆ. ಉತ್ತರ ಹುಡುಕಿ ಕನ್ನಡದಲ್ಲಿ ಹೇಳುವ ಕೆಲಸ ನಮ್ಮದು. ಇನ್‌ಸ್ಟೆಮ್ ಫಲಿತಾಂಶ ಪ್ರಕಟವಾದಾಗ ಇದೇ ಪುಟದಲ್ಲಿ ಬರೆಯುತ್ತೇವೆ. ಅಮ್ಮನಿಗೆ ನಮ್ಮ ನಮಸ್ಕಾರ ತಿಳಿಸಿ.

– ಸಂಪಾದಕ